ಸತುವಿಗೆ ಬಳಿದ ಬಣ್ಣ

ಕಬ್ಬಿಣದ ದೋಣಿಯೊಂದರ ತಳಕ್ಕೆ ಸತುವಿನ ತುಂಡೊಂದನ್ನು ಬಿಗಿದಿದ್ದರು. ಉಪ್ಪುನೀರು ಕಬ್ಬಿಣವನ್ನು ತಿನ್ನಲು ಬಂದಾಗಲೆಲ್ಲ ಸತು ತನ್ನನ್ನೇ ಒಪ್ಪಿಸಿಕೊಳ್ಳುತ್ತಿತ್ತು. ಹೀಗೆ ಅದು ಅರ್ಧ ಸವೆದುಹೋಗಿತ್ತು.

ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಗಣಪು ಬಣ್ಣ ಬಳಿಯತೊಡಗಿದ. ದೋಣಿ ಕಣ್ಣೀರಿಟ್ಟಿತು. "ಗಣಪೂ, ನನ್ನ ತಮ್ಮನಿಗೂ ಬಳಿಯಪ್ಪ. ಅವನು ಕರಗುವುದನ್ನು ಇನ್ನು ನೋಡಲಾರೆ."

"ಬೇಡ ಅಕ್ಕ," ಎಂದಿತು ಸತು. "ನೀರು ನನ್ನನ್ನು ಮುಟ್ಟಿದರೆ ಮಾತ್ರ ನಿನ್ನನ್ನು ಬಿಡುತ್ತದೆ. ಮುಚ್ಚಿಬಿಟ್ಟರೆ ನಾನು ಇದ್ದೂ ಇಲ್ಲದ ಹಾಗೆ."

"ನನ್ನ ಮೈಮೇಲೆ ಬಣ್ಣವಿದೆಯಲ್ಲ, ಅಷ್ಟು ಸಾಕು."

ಗಣಪು ಕೆಲಸಕ್ಕೆ ಹೊಸಬ. ಅಕ್ಕನ ಅಳುವಿಗೆ ಮನಸ್ಸು ಕರಗಿ ಸತುವಿನ ಮೇಲೂ ದಪ್ಪಗೆ ಬಣ್ಣ ಎಳೆದ.

ದೋಣಿ ಕಡಲಿಗಿಳಿಯಿತು. ಮರಳು ಉಜ್ಜಿ ತಳದ ಬಣ್ಣ ಅಲ್ಲಲ್ಲಿ ಎದ್ದಿತು. ಉಪ್ಪುನೀರು ವಾಡಿಕೆಯಂತೆ ಮೊದಲು ಸತುವನ್ನು ಹುಡುಕಿತು, ಸಿಗಲಿಲ್ಲ. ಬಣ್ಣ ಎದ್ದಲ್ಲೆಲ್ಲ ಕಬ್ಬಿಣಕ್ಕೆ ಬಾಯಿ ಹಾಕಿತು. "ಅಕ್ಕಾ! ಅಕ್ಕಾ!" ಎಂದು ಸತು ಬಣ್ಣದೊಳಗಿಂದ ಕೂಗುತ್ತಲೇ ಇತ್ತು.

"ಏನೂ ನೋವಿಲ್ಲ, ನೀನು ಸುಮ್ಮನಿರು," ಎನ್ನುತ್ತಿತ್ತು ದೋಣಿ.

ಮುಂದಿನ ಮಳೆಗಾಲಕ್ಕೆ ದಡಕ್ಕೆ ಬಂದಾಗ ದೋಣಿಯ ತಳ ತೂತುತೂತಾಗಿತ್ತು. ಅದನ್ನು ಒಡೆದು ಗುಜರಿಗೆ ಹಾಕಿದರು. ಬಣ್ಣ ಹೆರೆದು ನೋಡಿದರೆ ಸತು ಆಮೇಲೆ ಒಂದಿಷ್ಟೂ ಸವೆದಿರಲಿಲ್ಲ.

ಗಣಪು ಅದನ್ನು ಬೇರೊಂದು ದೋಣಿಗೆ ಬಿಗಿಯುತ್ತಿದ್ದ. ಆ ದೋಣಿ ಮರುಗಿತು: "ಅಯ್ಯೋ ತಮ್ಮಾ, ಆಗಲೇ ಅರ್ಧ ಆಗಿಹೋಗಿದ್ದೀಯಲ್ಲ!"

"ಕೈ ಮುಗಿಯುತ್ತೇನೆ ಅಕ್ಕ," ಎಂದಿತು ಸತು. "ನೀನಾದರೂ ನನ್ನನ್ನು ಉಳಿಸಬೇಡ."