ಸಾಲಿನ ಮುಂದೆ ನಡೆದ ಇಂಗ್ಲಿಷ್ ಮಾಸ್ತರರು

ಶ್ರೀಶೈಲದ ಪಾದಯಾತ್ರೆಯಲ್ಲಿ ಪೂಜ್ಯ ನಿರ್ವಾಣಯ್ಯನವರು ನಲವತ್ತು ಭಕ್ತರ ಮುಂದೆ ಬರಿಗಾಲಲ್ಲಿ ನಡೆಯುತ್ತಿದ್ದರು. ಆರನೆಯ ದಿನ ಮಧ್ಯಾಹ್ನ ಬೇವಿನ ನೆರಳಲ್ಲಿ ಕುಳಿತು, ಎಲ್ಲರೂ ಉಂಡ ಮೇಲೆ ಉಳಿದ ಕಟಕ ರೊಟ್ಟಿಯನ್ನು ನೀರಲ್ಲಿ ನೆನೆಸಿ ಸ್ವೀಕರಿಸುತ್ತಿದ್ದರು.

ಆಗ ಚೆನ್ನವೀರಪ್ಪ ಮಾಸ್ತರರು ಎದುರಿಗೆ ಬಂದು ನಿಂತರು. ಇಂಗ್ಲಿಷ್ ಕಲಿಸುವವರು, ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಶಾಲೆಯ ಹೆಡ್‌ಮಾಸ್ತರಿಕೆ ಖಾಲಿಯಾಗಿತ್ತು, ಹತ್ತು ವರ್ಷ ಚಿಕ್ಕವರೊಬ್ಬರು ಪೈಪೋಟಿಗೆ ನಿಂತಿದ್ದರು. ಆಡಳಿತ ಮಂಡಳಿಯವರು ಅಯ್ಯನವರ ಮಾತು ಮೀರುವವರಲ್ಲ. ಆ ಒಂದು ಮಾತಿಗಾಗಿ, ಬಿಸಿಲಲ್ಲಿ ಬೆಂದರೂ ಬಿಡೆನೆಂದು, ಮಾಸ್ತರರು ಸಾಲಿನಲ್ಲಿ ನಡೆದೇ ನಡೆದಿದ್ದರು. ಚಪ್ಪಲಿ ಮಾತ್ರ ಬಿಟ್ಟಿರಲಿಲ್ಲ. ಬರಿಗಾಲ ವ್ರತವೆಲ್ಲ ಮೂಢರಿಗೆ!

"ಅಯ್ಯಾರ, ಹೆಡ್‌ಮಾಸ್ತರಿಕಿ ವಿಷಯದಾಗ ಅಡ್ವಾಂಟೇಜ್ ನನಗ ಸಿಗಬೇಕ್ರಿ," ಎಂದರು.

"ಹಂಗಂದ್ರೇನಪಾ?"

ಮಾಸ್ತರರಿಗೆ ಹುರುಪು ಬಂತು. "ಎಲ್ಲಾರಕಿಂತ ಅನುಕೂಲದ ಜಾಗಾ ಅಂತ ಅರ್ಥರಿ. ಮೂಲ ಫ್ರೆಂಚರದು. ಅವರ ಭಾಷಾದಾಗ 'ಅವಾಂ' ಅಂದ್ರ ಮುಂದ. ನಡುವಿನ 'ಡ' ಆಮ್ಯಾಲ ಪಂಡಿತರು ತಪ್ಪು ತಿಳದು ತುರುಕಿದ್ದು. ಮುಂದ ನಿಂತಾವಂಗೇ ಲಾಭ ಅನ್ನೂದು ಆ ಪದದ ಬೇರಿನಾಗೇ ಐತ್ರಿ."

ಅಯ್ಯನವರು ಕೈತೊಳೆದುಕೊಂಡು ನಕ್ಕರು. "ಹಂಗಾದ್ರ ನಾಳೆ ನೀವ ಮುಂದ ನಡೀರಿ."

ಅಬ್ಬಾ, ಮಾಸ್ತರರ ಸಂಭ್ರಮವೇ! ಕೆಲಸ ಆದಂತೆಯೇ ಎಂದುಕೊಂಡರು. ಮರುದಿನ ಬೆಳಿಗ್ಗೆ ಎದೆಯುಬ್ಬಿಸಿ, ಕೋಲು ಬೀಸುತ್ತ ಹೊರಟರು. ಮುಂದಿನವರ ಹೆಜ್ಜೆಯಲ್ಲೇ ಹಿಂದಿನವರು ಹೆಜ್ಜೆ ಇಡುವುದು ಆ ಸಾಲಿನ ಕಟ್ಟಳೆ. ಮುಂದಿನವರ ಬರಿಗಾಲಿಗೆ ಮುಳ್ಳು ತಾಗಿದರೆ ಅವರು ಕೂಗುತ್ತಾರೆ, ಸಾಲು ಪಕ್ಕಕ್ಕೆ ಸರಿಯುತ್ತದೆ. ಮಾಸ್ತರರ ಚಪ್ಪಲಿಗೆ ದಪ್ಪ ಅಟ್ಟೆ. ನೆಗ್ಗಿಲ ಮುಳ್ಳು ಹಾಸಿದ್ದ ಬೀಳುಭೂಮಿಯ ಮೇಲೆ ಅವರು ಹಾಯಾಗಿ ನಡೆದುಹೋದರು.

ಹಿಂದಿನಿಂದ "ಯಪ್ಪಾ!" ಎಂಬ ಚೀರಾಟ. ತಿರುಗಿ ನೋಡಿದರೆ ಬೆನ್ನಿಗೇ ಬರುತ್ತಿದ್ದ ಮುದುಕಿ ನಾಗವ್ವ ಕುಸಿದು ಕುಳಿತಿದ್ದಾಳೆ. ಅಂಗಾಲ ತುಂಬ ಮುಳ್ಳು, ರಕ್ತ. ಅವಳ ಹಿಂದೆ ಇನ್ನೂ ಏಳೆಂಟು ಜನ ಕಾಲು ಹಿಡಿದು ನಿಂತಿದ್ದಾರೆ.

ನಾಗವ್ವ ಬೈಯಲಿಲ್ಲ. "ಮಾಸ್ತರ ಕೂಗಲಿಲ್ಲಲ್ಲ, ಮುಳ್ಳಿಲ್ಲ ಅಂತ ತಿಳದೆ," ಎಂದಳು ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸಾಲಿನ ಕೊನೆಯಲ್ಲಿದ್ದ ಅಯ್ಯನವರು ಬಂದು ನೆಲದ ಮೇಲೆ ಕುಳಿತು, ಆ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಚಿಮಟಿಗೆಯಿಂದ ಒಂದೊಂದೇ ಮುಳ್ಳು ತೆಗೆಯತೊಡಗಿದರು. ತಲೆಯೆತ್ತದೆಯೇ ಹೇಳಿದರು: "ಮಾಸ್ತರ, ಮುಂದ ಇದ್ದಾವಂಗ ಮೊದಲು ಚುಚ್ಚಬೇಕು."

ಮಾಸ್ತರರು ಚಪ್ಪಲಿ ಕಳಚಿ ಬೇಲಿಯಾಚೆ ಎಸೆದರು. ನಾಗವ್ವನಿಗೆ ಅರಿಶಿನದ ಪಟ್ಟಿ ಕಟ್ಟಿದರು. "ಹಿಂದ ಸಾಮಾನಿನ ಗಾಡಿ ಬರಾಕತ್ತೈತಿ, ಹತ್ತಬೇ," ಎಂದರೆ ಅವಳು ಒಲ್ಲೆ ಎಂದಳು. ನಡೆದೇ ಶ್ರೀಶೈಲದ ಮಲ್ಲಯ್ಯನನ್ನು ಕಾಣುವುದು ಅವಳ ಹರಕೆ.

"ಅಯ್ಯಾರ, ಇವತ್ತಿನ ದಿನಾ ಮುಗಿಯೂತನಕ ಮುಂದಿನ ಜಾಗಾ ನಂದ ಇರ್ಲಿ," ಎಂದು ಮಾಸ್ತರರು ಅಡ್ಡಬಿದ್ದರು.

ಹೆಡ್‌ಮಾಸ್ತರಿಕೆ ಕೊನೆಗೆ ಯಾರಿಗಾಯಿತೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಆ ಮಧ್ಯಾಹ್ನ, ಕಾದ ನೆಲದ ಮೇಲೆ, ಸಾಲಿನಲ್ಲಿದ್ದವರೆಲ್ಲ ಕಿವಿಯಾರೆ ಕೇಳಿದ್ದು ಚೆನ್ನವೀರಪ್ಪ ಮಾಸ್ತರರ ಒಡೆದ ದನಿಯನ್ನು:

"ಮುಳ್ಳದಾವ! ನಾಗವ್ವಾ, ನಿಲ್ಲು... ನಾ ತುಳದೇನಿ, ನೀ ಬಲಕ್ಕ ಬಾ!"