ಏಡಿಯ ಮೇಲ್ಮನವಿ

ಚರ್ಮ ಹದ ಮಾಡುತ್ತಿದ್ದ ಕತ್ತೆಕಿರುಬನಿಗೆ ಕೊಳೆನೀರನ್ನು ಕೆರೆಗೆ ಬಿಡಲು ಕಾಡಿನ ಸರ್ಕಾರ ಪರವಾನಗಿ ಕೊಟ್ಟಿತು. ಕೆರೆಯ ಏಡಿ ಮೇಲ್ಮನವಿ ಹಾಕಿತು. ವಿಚಾರಣೆ ನಡೆಸಲು ಬಂದ ಆಮೆ ಮೂರು ದಿನ ನೀರಿನಲ್ಲೇ ಕುಳಿತು ಎಲ್ಲರ ಮಾತು ಕೇಳಿತು. ನಾಲ್ಕನೆಯ ದಿನ ಸಿಂಹದ ಅಪ್ಪಣೆ ಬಂತು: "ಇದು ದೊಡ್ಡ ಪ್ರಕರಣ. ಆಮೆ ಬೇಡ, ನಾವೇ ತೀರ್ಮಾನಿಸುತ್ತೇವೆ."

ಕೊಳೆನೀರು ಕೆರೆಗೆ ಹರಿಯುತ್ತಲೇ ಇತ್ತು. ಮೂರು ತಿಂಗಳ ನಂತರ ಸಿಂಹ ತೀರ್ಪು ಹಿಡಿದು ದಡಕ್ಕೆ ಬಂತು. ಮನವಿ ಹಾಕಿದವರ ಎದುರಿಗೆ ಓದದ ತೀರ್ಪು ಆ ಕಾಡಿನಲ್ಲಿ ಜಾರಿಯಾಗುತ್ತಿರಲಿಲ್ಲ.

"ಮೇಲೆ ಬಾ," ಎಂದಿತು ಸಿಂಹ.

"ಬರುವುದಿಲ್ಲ, ಪ್ರಭು," ಎಂದಿತು ಏಡಿ. "ಆಮೆ ಇಳಿದು ಕೇಳಿತು. ತಾವು ಇಳಿದು ಓದಿ."

"ಇಳಿಯುವುದೇಕೆ? ನೀರು ಶುದ್ಧವಾಗಿದೆ ಎಂದು ಕಡತದಲ್ಲೇ ಇದೆ."

"ಹಾಗಿದ್ದರೆ ಅಂಜಿಕೆ ಏಕೆ?"

ಸಿಂಹ ನೀರಿಗೆ ಒಂದು ಕಾಲಿಟ್ಟಿತು. ಉರಿ ತಾಳಲಾರದೆ ಹಿಂದಕ್ಕೆ ಎಳೆದುಕೊಂಡು ಕೊಡವತೊಡಗಿತು. ತೀರ್ಪಿನ ಮೊದಲ ಸಾಲೂ ಬಾಯಿಂದ ಹೊರಡಲಿಲ್ಲ.

"ಅವಸರವಿಲ್ಲ, ಪ್ರಭು," ಎಂದಿತು ಏಡಿ. "ಮೂರು ತಿಂಗಳಿಂದ ನಾವು ಇದರಲ್ಲೇ ನಿಂತು ತಮ್ಮ ತೀರ್ಪಿಗೆ ಕಾಯುತ್ತಿದ್ದೇವೆ. ಇನ್ನೊಂದು ಕಾಲನ್ನೂ ಇಡಿ."