ಮಾತು ಬರುವತನಕ ಕೂರು

ಹೊಳೆ ದಂಡೆಯಲ್ಲಿ ಒಂದು ಮಠ. ಅಲ್ಲೊಬ್ಬರು ಗುರುಗಳು. ಕರಿಬಸಪ್ಪ ಅವರ ಶಿಷ್ಯ.

ಕರಿಬಸಪ್ಪನ ಹೆಂಡತಿ ತೀರಿಕೊಂಡಿದ್ದಳು. ಚಂಪಾ ಅಂತ ಒಬ್ಬಳು ಮಗಳು. ಇನ್ನೂ ಸಣ್ಣದು. ನಡೆಯೋದೇ ಗೊತ್ತಿಲ್ಲ ಅದಕ್ಕೆ. ಎದ್ದರೆ ಓಟ.

ಒಂದು ಸಂಜೆ ಮಗು ಹೊಳೆ ಕಡೆ ಓಡಿತು. ಕರಿಬಸಪ್ಪ ಬೆನ್ನು ಹತ್ತಿದ. ಅರ್ಧ ದಾರಿಗೇ ಉಸಿರು ಕಟ್ಟಿ ಕುಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಯಾರೋ ಮಗುವನ್ನು ಹಿಡಿದಳು.

ಸುದ್ದಿ ಹೆಂಡತಿಯ ಅಕ್ಕ ಗುರುಬಸಮ್ಮನಿಗೆ ಮುಟ್ಟಿತು. ಬಂದಳು.

"ಹಿಡಿಯೋಕೆ ಆಗದವನು ಸಾಕ್ತೀಯಾ? ಉಗಾದಿ ಕಳೀಲಿ. ಮಗೂನ ಕರ್ಕೊಂಡು ಹೋಗ್ತೀನಿ."

ಕರಿಬಸಪ್ಪ ಗುರುಗಳ ಹತ್ತಿರ ಹೋದ.

"ಬುದ್ಧಿ, ನನಗೆ ಉಸಿರು ಬೇಕು."

"ಇದೆಯಲ್ಲ."

"ಓಡೋ ಉಸಿರು ಬೇಕು. ಇಲ್ಲಾಂದ್ರೆ ಮಗು ಕೈ ತಪ್ಪಿ ಹೋಗುತ್ತೆ."

"ಓಡು, ನೋಡೋಣ."

ಕರಿಬಸಪ್ಪ ಮಠದ ಸುತ್ತ ಓಡಿದ. ನಿಧಾನಕ್ಕೆ. ಸುತ್ತಿದ, ಸುತ್ತಿದ, ನಿಲ್ಲಲಿಲ್ಲ.

"ಏನಪ್ಪಾ ಇದು?"

"ಓಟ, ಬುದ್ಧಿ."

"ಹೆಣದ ಹಿಂದೆ ಹೋಗೋರು ಹಿಂಗೆ ಹೋಗ್ತಾರೆ. ಮಗು ಹಿಂಗೆ ಓಡುತ್ತಾ?"

ಗುರುಗಳು ಅವನನ್ನು ಹೊಳೆ ದಂಡೆಯ ಮರಳಿಗೆ ಕರೆದುಕೊಂಡು ಹೋದರು. ಆ ತುದಿಗೆ ಒಂದು ಹುಣಸೆ ಮರ.

"ಮೊದಲು ನಡಿ. ಕಾಲು ಬಿಸಿಯಾಗಲಿ. ಆಮೇಲೆ ಆ ಮರಕ್ಕೆ ಓಡು. ನಾಯಿ ಅಟ್ಟಿಸಿಕೊಂಡು ಬಂದ ಹಾಗೆ."

ನಡೆದ. ಓಡಿದ. ಮರ ತಬ್ಬಿದ. ಬಾಯಿ ತೆರೆದುಕೊಂಡು ವಾಪಸ್ ಬಂದ. ಮತ್ತೆ ಓಡ್ಲಾ ಅಂತ ಕೈಯಲ್ಲೇ ಕೇಳಿದ.

"ಕೂರು. ಮಾತು ಬರುವತನಕ ಕೂರು. ಹೆಂಡ್ತಿ ಹೆಸರು ಹೇಳು. ಒಂದೇ ಉಸಿರಿಗೆ ಬಂದರೆ ಏಳು."

ಕೂತ. ಎದೆಯ ಬಡಿತ ಇಳಿಯಿತು.

"ಬುದ್ಧಿ, ಉಸಿರು ಬಂತು."

"ಹೆಸರು?"

ಕರಿಬಸಪ್ಪ ಕಾಲಿಗಂಟಿದ ಮರಳು ಕೊಡವಿದ.

"ನಾನು ಅವಳನ್ನ ಹೆಸರು ಹಿಡಿದು ಕರೆದವನಲ್ಲ, ಬುದ್ಧಿ."

"ಮತ್ತೇನಂತ ಕರೀತಿದ್ದೆ?"

"ಏನೂ ಇಲ್ಲ. ಕೆಮ್ಮುತ್ತಿದ್ದೆ. ಬರೋಳು."

"ಹಾಗಾದ್ರೆ ಉಸಿರು ಬಂದಿಲ್ಲ. ಕೂರು."

ಹೊತ್ತು ಮುಳುಗಿತು. ಕರಿಬಸಪ್ಪ ಕೂತೇ ಇದ್ದ.

"ಮನೆಗೆ ಹೋಗು. ನಾಳೆ ಬರಬೇಡ. ನಾಡಿದ್ದು ಬಾ."

"ಉಗಾದಿ ಹತ್ರ ಬರ್ತಿದೆ, ಬುದ್ಧಿ. ನಾಳೆನೂ ಓಡ್ತೀನಿ."

"ನಾಳೆ ಕಾಲಿಗೆ ಬಿಡುವು."

ಅವನಿಗೆ ತಿಳಿಯಲಿಲ್ಲ. ಓಡೋಕೆ ಬಂದವನನ್ನು ಕೂರಿಸುತ್ತಾರೆ. ಬರ್ತೀನಿ ಅಂದರೆ ಬೇಡ ಅನ್ನುತ್ತಾರೆ. ಗುರುಗಳಿಗೆ ವಯಸ್ಸಾಯಿತು ಅಂದುಕೊಂಡ.

ನಾಡಿದ್ದು ಬಂದ. ಓಡಿದ. ಕೂತ.

"ಹೆಸರು?"

ಕೆಮ್ಮಿದ.

"ಕೂರು."

ಹೀಗೇ ನಡೆಯಿತು. ಒಂದು ದಿನ ಕರಿಬಸಪ್ಪನಿಗೆ ತಡೆಯಲಿಲ್ಲ.

"ಬುದ್ಧಿ, ಅಲ್ಲಿ ಮಗು ಕೈ ತಪ್ಪಿ ಹೋಗ್ತಿದೆ. ಇಲ್ಲಿ ನಾನು ಕೂತಿದ್ದೀನಿ. ಉಸಿರಿಗೂ ಆ ಹೆಸರಿಗೂ ಏನು ಸಂಬಂಧ?"

"ಗೊತ್ತಿಲ್ಲ."

"ಗೊತ್ತಿಲ್ವಾ?"

"ನಿನಗೆ ಗೊತ್ತಾ?"

ಕರಿಬಸಪ್ಪ ಮರಳಲ್ಲಿ ಬೋರಲು ಬಿದ್ದ. ಆಮೇಲೆ ಮರಳಿಗೇ ಹೇಳಿದ.

"ಹಾಲಮ್ಮ."

ಗುರುಗಳು ಅವನ ಮುಖ ನೋಡಲಿಲ್ಲ.

"ಏಳು. ಓಡು."

ಓಡಿದ. ಕೂತ. ಹಾಲಮ್ಮ ಅಂದ. ಮತ್ತೆ ಓಡಿದ.

"ಎಷ್ಟು ಸಲ, ಬುದ್ಧಿ?"

"ಓಟ ಕೆಡೋ ಮುಂಚೆ ನಿಲ್ಲಿಸು."

ಬರುಬರುತ್ತಾ ಹೆಸರು ಬೇಗ ಬರತೊಡಗಿತು. ಕೆಲವು ದಿನ ಹೆಸರು ಬರಲೇ ಇಲ್ಲ. ಅಂಥ ದಿನ ಕೂತ.

ಉಗಾದಿ ಕಳೆಯಿತು. ಗುರುಬಸಮ್ಮ ಬಂದಳು. ಮಗುವಿನ ಬಟ್ಟೆ ಗಂಟು ಕಟ್ಟಿದಳು. ಮಗುವಿನ ಕೈ ಹಿಡಿದು ದಂಡೆಗುಂಟ ಹೊರಟಳು. ಕರಿಬಸಪ್ಪ ಹಿಂದೆ ಹಿಂದೆ ಬಂದ.

ಮಗು ನೀರು ಕಂಡಿತು. ಕೈ ಕೊಸರಿಕೊಂಡು ಓಡಿತು.

"ಅಯ್ಯೋ, ಹಿಡೀರೋ!"

ಕರಿಬಸಪ್ಪ ಓಡಿದ. ಮಗು ನೀರಿಗಿಳಿದು ಲಂಗದ ಅಂಚು ನೆನೆಯುವಷ್ಟರಲ್ಲಿ ರಟ್ಟೆ ಹಿಡಿದ. ಎತ್ತಿಕೊಂಡು ಬಂದು ಮರಳಲ್ಲಿ ಕೂತ. ಎದೆ ಏರಿ ಇಳಿಯುತ್ತಿತ್ತು.

"ಏದುಸಿರು ಇನ್ನೂ ಹೋಗಿಲ್ಲವಲ್ಲಪ್ಪಾ ನಿಂದು," ಅಂದಳು ಗುರುಬಸಮ್ಮ. ಕೂತು ಗಂಟು ಬಿಚ್ಚಿದಳು. ಒಣ ಲಂಗ ತೆಗೆದು ಮಗುವಿಗೆ ಹಾಕಿದಳು. ಗಂಟನ್ನು ಅವನ ಮುಂದೆ ಇಟ್ಟಳು. ಒಬ್ಬಳೇ ಊರಿಗೆ ಹೋದಳು.

ಕರಿಬಸಪ್ಪ ಮಗುವನ್ನು ಕರೆದುಕೊಂಡು ಮಠಕ್ಕೆ ಬಂದ. ಅವನ ಮುಖದಲ್ಲಿ ಸಂತೋಷ ಇರಲಿಲ್ಲ.

"ಬುದ್ಧಿ, ಈ ಸಲ ಸಿಕ್ಕಳು. ವರ್ಷ ಹೋದ ಹಾಗೆ ಅವಳ ಓಟ ಜೋರಾಗುತ್ತೆ. ನಂದು ಮೆತ್ತಗಾಗುತ್ತೆ. ಒಂದಿನ ಸಿಗೋದೇ ಇಲ್ಲ. ಆವತ್ತು ಏನ್ ಮಾಡ್ಲಿ?"

ಮಗು ಅಂಗಳದಲ್ಲಿ ಮಣ್ಣು ಕೆದಕುತ್ತಿತ್ತು. ಗುರುಗಳು ಅದನ್ನೇ ನೋಡುತ್ತಿದ್ದರು.

"ಆವತ್ತು ಅವಳು ಓಡಲಿ. ನೀನು ಕೂತು ನೋಡು."